ಹಳೆಯ ವಿಧಾನಸಭಾ ಫಲಿತಾಂಶ ಪುಕ್ಕಟೆಯಾಗಿ ಒಂದೇ ಕಡೆ ಸಿಗುತ್ತಾ? 1952ರಿಂದ ಕ್ಷೇತ್ರವಾರು ಬೇಕಿದೆ

ಕುಂದಗೋಳ ಕಡೆಯವ
ಎಲ್ಲರಿಗೂ ನಮಸ್ಕಾರ. ಧಾರವಾಡ ಜಿಲ್ಲೆಯ ವಿಧಾನಸಭಾ ಫಲಿತಾಂಶಗಳನ್ನು ಮೊದಲ ಚುನಾವಣೆಯಿಂದ 2023ರವರೆಗೆ ಜೋಡಿಸಿ, ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳುವ ಹಾಗೆ ಇಡಬೇಕು ಅಂತಿದ್ದೇನೆ. ಸೋತವರ ಮತಗಳೂ ಬೇಕು. ಗೆದ್ದವರ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಎರಡು-ಮೂರನೇ ಸ್ಥಾನದವರನ್ನು ಯಾರೂ ಹಾಕುವುದಿಲ್ಲ.

ಶುರುವಿನಲ್ಲೇ ತೊಡಕು. ಚುನಾವಣಾ ಆಯೋಗದ ಮೈಸೂರು ರಾಜ್ಯದ 1952ರ ವರದಿ ತೆಗೆದರೆ ಧಾರವಾಡದ ಒಂದೂ ಕ್ಷೇತ್ರ ಇಲ್ಲ. 1957ರಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬಿಬ್ಬರು ಗೆದ್ದವರಿದ್ದಾರೆ. ಎಲ್ಲೋ ಸಿಕ್ಕ ಒಂದು ಫೈಲ್‌ನಲ್ಲಿ 1978ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್‌ಗೆ 2 ಸ್ಥಾನ ಅಂತಿದೆ. ದೇವರಾಜ ಅರಸು ಗೆದ್ದ ವರ್ಷ ಅಲ್ವಾ ಅದು? ಯಾವುದನ್ನು ನಂಬಬೇಕು?

ಹಳೇ ಪೇಪರ್
1952ರಲ್ಲಿ ಧಾರವಾಡ ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ. ಮುಂಬೈ ರಾಜ್ಯದ ವರದಿ ನೋಡಿ.

ತುಂಗೆ ತೀರ
ಮೇಲಿನವರು ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳ್ತೀನಿ, ಮುಂದೆ ಹುಡುಕಿಕೊಂಡು ಬರುವವರಿಗೂ ಅನುಕೂಲ.

ಇವತ್ತಿನ ಕರ್ನಾಟಕ 1952ರಲ್ಲಿ ಐದು ವಿಧಾನಸಭೆಗಳಿಗೆ ಮತ ಹಾಕಿತ್ತು. ಹಳೇ ಮೈಸೂರಿಗೆ 99 ಸ್ಥಾನಗಳ ಸಭೆ, ಅದರಲ್ಲಿ ಕಾಂಗ್ರೆಸ್‌ಗೆ 74. ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿ ಆಗಿದ್ದು ಆ ಚುನಾವಣೆಯ ನಂತರ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಇವೆಲ್ಲ ಮುಂಬೈ ರಾಜ್ಯದ 315 ಸ್ಥಾನಗಳಲ್ಲಿ ಸೇರಿದ್ದವು. ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಹೈದರಾಬಾದ್ ರಾಜ್ಯದ 175 ಸ್ಥಾನಗಳ ಸಭೆಗೆ ಮತ ಹಾಕಿದರು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿನವು. ಆ ಸಭೆಯಲ್ಲಿ 375 ಸ್ಥಾನ. ಕೊಡಗು ಬೇರೆಯೇ ರಾಜ್ಯ.

ಹಾಗಾಗಿ ಐದು ವರದಿ ಬಿಡಿಸಿ ನಮ್ಮ ಕ್ಷೇತ್ರಗಳನ್ನು ಆರಿಸಿಕೊಳ್ಳಬೇಕು. ಆವತ್ತಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಾಸರಗೋಡೂ ಇತ್ತು, ಅದನ್ನು ಏನು ಮಾಡಬೇಕು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಮಡಿಕೇರಿ ಮಂಜು
ಕೊಡಗಿನ ವಿಧಾನಸಭೆ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಸರ್. 24 ಸ್ಥಾನ ಇತ್ತು. ಕಾಂಗ್ರೆಸ್ 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಒಂದೇ ಒಂದು ಚುನಾವಣೆ ಕಂಡ ಸಭೆ ಅದು. 1956ರ ನವೆಂಬರ್‌ಗೆ ಮುಗಿದೇ ಹೋಯಿತು. ಕರ್ನಾಟಕದ ಚುನಾವಣಾ ಇತಿಹಾಸ ಅಂತ ಬರೆಯುವವರು ಇದನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಪ್ರತಿ ಸಲ ನೋಡಿದಾಗಲೂ ಬೇಜಾರಾಗುತ್ತೆ.

ಅಂಕಿ ಹುಡುಗಿ
1978ರದ್ದು ನಾನು ಹೇಳ್ತೀನಿ. ಆ ಫೈಲ್ ಸುಳ್ಳಲ್ಲ, ಓದುವ ಕ್ರಮ ತಪ್ಪು.

ಆ ವರ್ಷದ ಜನವರಿಯಲ್ಲಿ ಕಾಂಗ್ರೆಸ್ ಒಡೆಯಿತು. ಅರಸು ನಿಂತಿದ್ದು ಇಂದಿರಾ ಕಾಂಗ್ರೆಸ್‌ನಿಂದ. ಅವರಿಗೆ ಸಿಕ್ಕಿದ್ದು ಹೊಸ ಹಸ್ತದ ಗುರುತು. ವರದಿಯಲ್ಲಿ ಅದಕ್ಕೆ ‘ಐಎನ್‌ಸಿ(ಐ)’ ಅಂತ ಬೇರೆ ಸಂಕೇತ, 149 ಸ್ಥಾನ. ಬರೀ ‘ಐಎನ್‌ಸಿ’ ಅಂತ ಇರುವುದು ಇನ್ನೊಂದು ಬಣ, ಅದಕ್ಕೆ 2. ಜನತಾ ಪಕ್ಷಕ್ಕೆ 59. ಕಂಪ್ಯೂಟರ್‌ಗೆ ಪಕ್ಷದ ಸಂಕೇತ ಕೊಟ್ಟು ಗೆರೆ ಎಳೆ ಅಂದರೆ 1972ರ 165ರಿಂದ 1978ರಲ್ಲಿ 2ಕ್ಕೆ ಇಳಿದು, 1983ರಲ್ಲಿ 82ಕ್ಕೆ ಏರುತ್ತೆ. ನೋಡಿದವರು ಅರಸು ಹೀನಾಯವಾಗಿ ಸೋತರು ಅಂದುಕೊಳ್ಳುತ್ತಾರೆ.

1972ರಲ್ಲೂ ಇದೇ ಕಥೆ. 1969ರಲ್ಲಿ ಒಡೆದು ಬೇರೆಯಾದ ಸಂಸ್ಥಾ ಕಾಂಗ್ರೆಸ್‌ಗೆ 24 ಸ್ಥಾನ, ಅದು ಬೇರೆ ಸಾಲು. ಜನತಾ ಪರಿವಾರಕ್ಕೆ ಬಂದರೆ ಜನತಾ ಪಕ್ಷ, ಜನತಾ ದಳ, ಜೆಡಿಯು, ಜೆಡಿಎಸ್. 1999ರಲ್ಲಿ ಜೆಡಿಯು 18, ಜೆಡಿಎಸ್ 10. ಯಾವುದನ್ನು ಯಾವುದರ ಮುಂದುವರಿಕೆ ಅನ್ನುತ್ತೀರಿ?

ಕೋಡ್ ಕನ್ನಡ
ಇದಕ್ಕೆ ಎರಡು ಕಾಲಂ ಇಡಿ. ವರದಿಯಲ್ಲಿ ಇದ್ದ ಹಾಗೇ ಪಕ್ಷದ ಹೆಸರು ಒಂದರಲ್ಲಿ. ನೀವು ಸೇರಿಸಿಕೊಂಡ ಗುಂಪು ಇನ್ನೊಂದರಲ್ಲಿ. ಮೊದಲನೆಯದನ್ನು ಯಾವತ್ತೂ ತಿದ್ದಬೇಡಿ.

ಮಂಡ್ಯದ ಮಗ
ಅಷ್ಟೆಲ್ಲ ಯಾಕೆ? ಒಟ್ಟು ಸ್ಥಾನ, ಶೇಕಡಾವಾರು ಮತ ಕೊಟ್ಟರೆ ಜನಕ್ಕೆ ಸಾಕು. ಸಾವಿರ ಸಾಲಿನ ಫೈಲ್ ಯಾರು ತೆರೆಯುತ್ತಾರೆ?

ಅಂಕಿ ಹುಡುಗಿ
ಸಾಕಾಗಲ್ಲ. 2004ರದ್ದು ತಗೊಳ್ಳಿ. ಕಾಂಗ್ರೆಸ್‌ಗೆ ಶೇ 35ರಷ್ಟು ಮತ, 65 ಸ್ಥಾನ. ಬಿಜೆಪಿಗೆ ಶೇ 28ರಷ್ಟು ಮತ, 79 ಸ್ಥಾನ. ಜೆಡಿಎಸ್‌ಗೆ ಶೇ 21ರ ಹತ್ತಿರ, 58 ಸ್ಥಾನ. ಬರೀ ಈ ಸಾಲು ನೋಡಿದವರಿಗೆ ಇದು ಅನ್ಯಾಯ ಅನಿಸುತ್ತೆ. ಕ್ಷೇತ್ರವಾರು ಬಿಡಿಸಿದರೆ ಮಾತ್ರ ಕಾರಣ ಕಾಣುತ್ತೆ. ಕಾಂಗ್ರೆಸ್ ಮತ ಎಲ್ಲ ಕಡೆ ಹರಡಿತ್ತು, ಎಷ್ಟೋ ಕಡೆ ಎರಡನೇ ಸ್ಥಾನಕ್ಕೆ ನಿಂತಿತು. ಬಿಜೆಪಿ ಮತ ಕೆಲವು ಭಾಗಗಳಲ್ಲಿ ಗಟ್ಟಿಯಾಗಿತ್ತು. ಜೆಡಿಯು ಜತೆ ಹೊಂದಾಣಿಕೆ ಇದ್ದದ್ದರಿಂದ ಅವರು 224ರಲ್ಲೂ ನಿಂತಿರಲಿಲ್ಲ. 2008ರಲ್ಲಿ ಮತ್ತೆ ಹಾಗೇ ಆಯಿತು, 2018ರಲ್ಲೂ ಆಯಿತು. ಕಾಂಗ್ರೆಸ್‌ಗೆ ಮತ ಜಾಸ್ತಿ, ಬಿಜೆಪಿಗೆ ಸ್ಥಾನ ಜಾಸ್ತಿ. ಸೋತವರ ಮತ ಇಲ್ಲದಿದ್ದರೆ ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ?

ಮಂಡ್ಯದ ಮಗ
ಸರಿ ಮೇಡಂ, ಒಪ್ಪಿದೆ. ಆದರೂ ಮೊದಲ ಪುಟದಲ್ಲಿ ಒಟ್ಟು ಮೊತ್ತ ಇರಲಿ. ಹಳ್ಳಿಯವರು ಮೊಬೈಲ್‌ನಲ್ಲಿ ನೋಡ್ತಾರೆ.

ಯಳಂದೂರು ಎಕ್ಸ್‌ಪ್ರೆಸ್
2004 ಅಂದ ತಕ್ಷಣ ನಮ್ಮ ಸಂತೇಮರಹಳ್ಳಿ ನೆನಪಾಗುತ್ತೆ. ಆರ್. ಧ್ರುವನಾರಾಯಣ 40,752. ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ!

ರಾಯಚೂರು ರೈಲು
ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಮತ ಹಾಕಲು ಆಗಲಿಲ್ಲವಂತೆ ಅಂತ ಓದಿದ್ದೆ.

ಯಳಂದೂರು ಎಕ್ಸ್‌ಪ್ರೆಸ್
ಹೌದು, ಆ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತೆ. ಆದರೆ ಈ ಚರ್ಚೆಗೆ ಬೇಕಾದ ವಿಷಯ ಬೇರೆ. ಇವತ್ತು ಯಾರಾದರೂ ಸಂತೇಮರಹಳ್ಳಿ ಅಂತ ಹುಡುಕಿದರೆ 2004ಕ್ಕೆ ನಿಂತುಹೋಗುತ್ತೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕ್ಷೇತ್ರವೇ ಹೋಯಿತು. ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ಗೆದ್ದರು, ಅಂತರ 59 ಸಾವಿರದ ಮೇಲೆ. ಒಂದು ಮತದಿಂದ ಸೋತವರು ಇವರೇ ಅನ್ನೋದು ಕ್ಷೇತ್ರದ ಹೆಸರು ಹಿಡಿದು ಹೋದರೆ ಗೊತ್ತೇ ಆಗಲ್ಲ. ವ್ಯಕ್ತಿಯನ್ನು ಹಿಡಿದು ಹೋಗುವ ದಾರಿಯೂ ಇರಬೇಕು.

ಕೋಡ್ ಕನ್ನಡ
ಅದಕ್ಕೇ ಪ್ರತಿ ಅಭ್ಯರ್ಥಿಗೂ ಒಂದು ಗುರುತಿನ ಸಂಖ್ಯೆ ಬೇಕು. ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದವರು ‘ಲೋಕ್ ಢಾಬಾ’ ಅಂತ ಒಂದು ಸಂಗ್ರಹ ಮಾಡಿದ್ದಾರೆ, ನೋಡಿ. 1962ರಿಂದ ಎಲ್ಲ ರಾಜ್ಯಗಳದ್ದೂ ಇದೆ. ಪುಕ್ಕಟೆ. ಸಿಎಸ್‌ವಿ (ಕಂಪ್ಯೂಟರ್ ಪಟ್ಟಿಯ ಫೈಲ್) ಆಗಿ ಇಳಿಸಿಕೊಳ್ಳಬಹುದು. ಅಲ್ಲಿ ಅಭ್ಯರ್ಥಿಗಳನ್ನು ಚುನಾವಣೆಯಿಂದ ಚುನಾವಣೆಗೆ ಜೋಡಿಸುವ ಕೆಲಸ ಮಾಡಿದ್ದಾರೆ. ನೀವು ಸೊನ್ನೆಯಿಂದ ಶುರು ಮಾಡಬೇಕಿಲ್ಲ. 1962ರಿಂದ ಈಚೆಗೆ ಅದನ್ನು ತಗೊಂಡು ಆಯೋಗದ ವರದಿ ಜತೆ ತಾಳೆ ನೋಡಿ. ಮೊದಲಿನ ಎರಡು ಚುನಾವಣೆಗಳನ್ನು ಮಾತ್ರ ಕೈಯಲ್ಲಿ ಟೈಪ್ ಮಾಡಬೇಕಾಗುತ್ತೆ.

ಕುಂದಗೋಳ ಕಡೆಯವ
ಇದು ಬಹಳ ಉಪಯೋಗ ಆಯ್ತು. ಆದರೆ ಅಲ್ಲೂ 1957 ಇಲ್ಲ ಅಂದಂಗಾಯ್ತು. ಇಬ್ಬರು ಗೆದ್ದಿದ್ದು ಹೇಗೆ ಅಂತ ಯಾರಾದರೂ ಹೇಳ್ರಿ.

ಶಾಲೆ ಮೇಷ್ಟ್ರು
ನಾನು ಹೇಳುತ್ತೇನೆ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರ, ಎರಡು ಸ್ಥಾನ. ಅದರಲ್ಲಿ ಒಂದು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಮೀಸಲು. ಪ್ರತಿ ಮತದಾರರಿಗೂ ಎರಡು ಮತ, ಆದರೆ ಎರಡನ್ನೂ ಒಬ್ಬರಿಗೇ ಹಾಕುವಂತಿರಲಿಲ್ಲ. 1952ರಲ್ಲಿ ಮೈಸೂರಿನ 99 ಸ್ಥಾನಗಳು ಇದ್ದದ್ದು 80 ಕ್ಷೇತ್ರಗಳಲ್ಲಿ. ಅಂದರೆ 19 ಕ್ಷೇತ್ರಗಳಿಗೆ ಇಬ್ಬಿಬ್ಬರು.

ಎಣಿಕೆಯಲ್ಲಿ ಮೊದಲು ಮೀಸಲು ವರ್ಗದ ಅಭ್ಯರ್ಥಿಗಳಲ್ಲಿ ಜಾಸ್ತಿ ಮತ ಪಡೆದವರಿಗೆ ಮೀಸಲು ಸ್ಥಾನ. ಉಳಿದ ಎಲ್ಲರಲ್ಲಿ ಮುಂದಿದ್ದವರಿಗೆ ಎರಡನೇ ಸ್ಥಾನ. ಆ ‘ಎಲ್ಲರಲ್ಲಿ’ ಇನ್ನೊಬ್ಬ ಮೀಸಲು ವರ್ಗದ ಅಭ್ಯರ್ಥಿಯೂ ಸೇರುತ್ತಾರೆ. 1957ರ ಲೋಕಸಭಾ ಚುನಾವಣೆಯಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನ ಪಂಗಡದ ಅಭ್ಯರ್ಥಿಗಳಿಗೇ ಹೋಯಿತು. ಅಲ್ಲಿ ಸೋತ ವಿ.ವಿ. ಗಿರಿಯವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಕೋರ್ಟ್ ಆ ಆಯ್ಕೆಯನ್ನು ಎತ್ತಿಹಿಡಿಯಿತು. 1961ರಲ್ಲಿ ಕಾನೂನು ತಂದು ದ್ವಿಸದಸ್ಯ ಕ್ಷೇತ್ರಗಳನ್ನೇ ತೆಗೆದರು.

ನಿಮ್ಮ ಪಟ್ಟಿಗೆ ಒಂದು ಎಚ್ಚರಿಕೆ. ಅಂಥ ಕ್ಷೇತ್ರದಲ್ಲಿ ಬಿದ್ದ ಮತಗಳನ್ನು ಮತದಾರರ ಸಂಖ್ಯೆಯಿಂದ ನೇರವಾಗಿ ಭಾಗಿಸಬೇಡಿ. ಶೇ 100 ದಾಟಿಬಿಡಬಹುದು. ಗೆಲುವಿನ ಅಂತರ ಅನ್ನುವ ಕಾಲಂ ಕೂಡ ಅಲ್ಲಿ ಅರ್ಥ ಕೊಡಲ್ಲ, ಖಾಲಿ ಬಿಡುವುದೇ ಮೇಲು.

ಅಂಕಿ ಹುಡುಗಿ
ಮೇಷ್ಟ್ರೇ, ಖಾಲಿ ಬಿಟ್ಟರೆ ಜನ ಮಾಹಿತಿ ಸಿಕ್ಕಿಲ್ಲ ಅಂದುಕೊಳ್ತಾರೆ. ‘ದ್ವಿಸದಸ್ಯ’ ಅಂತ ಬರೆದ ಒಂದು ಕಾಲಂ ಇರಲಿ.

ಶಾಲೆ ಮೇಷ್ಟ್ರು
ಅದೂ ಆಗಬಹುದು.

ಸಾತನೂರು ಸರ್ಕಲ್
ಗಡಿ ವಿಷಯಕ್ಕೆ ಬರ್ತೀನಿ. ಹೆಸರು ಉಳಿದ ಕ್ಷೇತ್ರಗಳಲ್ಲೇ ಅಪಾಯ ಜಾಸ್ತಿ. ಸಾತನೂರು 2008ಕ್ಕೆ ಮಾಯವಾಯಿತು, ಅದು ಎಲ್ಲರಿಗೂ ಕಾಣುತ್ತೆ. ಡಿ.ಕೆ. ಶಿವಕುಮಾರ್ ಆಮೇಲೆ ಕನಕಪುರಕ್ಕೆ ಬಂದರು. ಆದರೆ 2004ರ ಕನಕಪುರ ಮತ್ತು 2008ರ ಕನಕಪುರ ಒಂದೇ ಅಂದುಕೊಂಡು ಗೆರೆ ಎಳೆಯುತ್ತಾರಲ್ಲ, ಅದು ತಪ್ಪು. ಹೆಸರು ಅದೇ, ಒಳಗಿನ ಹಳ್ಳಿಗಳು ಬೇರೆ. ವೇಮಗಲ್, ಬೇತಮಂಗಲ, ಬನ್ನೂರು ಇವೆಲ್ಲ ಹೋದಾಗ ಅವುಗಳ ಊರುಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಸೇರಿದವು. ಬಳ್ಳಾರಿ ಅಂತ ಒಂದಿದ್ದದ್ದು ನಗರ, ಗ್ರಾಮೀಣ ಅಂತ ಆಯಿತು. ಟಿವಿಯಲ್ಲಿ ಈ ಕ್ಷೇತ್ರ 40 ವರ್ಷದಿಂದ ಈ ಪಕ್ಷದ ಕೋಟೆ ಅಂತಾರೆ. ಯಾವ ಗಡಿಯ ಒಳಗಿನ ಕೋಟೆ?

ತುಂಗೆ ತೀರ
ನೂರಕ್ಕೆ ನೂರು ಸರಿ. ರಾಜ್ಯದ ಮೊತ್ತಕ್ಕೂ ಇದು ತಗಲುತ್ತೆ. 1957 ಮತ್ತು 1962ರಲ್ಲಿ 208 ಸ್ಥಾನ, 1967 ಮತ್ತು 1972ರಲ್ಲಿ 216, 1978ರಿಂದ 224. 1957ರ ಕಾಂಗ್ರೆಸ್ಸಿನ 150 ಸ್ಥಾನ 1978ರ 149ಕ್ಕಿಂತ ಬರೀ ಒಂದು ಜಾಸ್ತಿ ಅನ್ನುವ ಲೆಕ್ಕ ನಿಲ್ಲಲ್ಲ.

ನನ್ನ ಸಲಹೆ, ಪ್ರತಿ ಕ್ಷೇತ್ರದ ಹೆಸರಿನ ಪಕ್ಕ ಯಾವ ಮರುವಿಂಗಡಣೆಯ ಕ್ಷೇತ್ರ ಅನ್ನುವುದನ್ನು ಬರೆಯಿರಿ. ಕನಕಪುರ-1978, ಕನಕಪುರ-2008 ಹೀಗೆ.

ಮಂಡ್ಯದ ಮಗ
2018ರಲ್ಲಿ ಕಾಂಗ್ರೆಸ್‌ಗೆ ಕೆಲವು ಕಡೆ 78 ಅಂತಿದೆ, ಕೆಲವು ಕಡೆ 80. ಯಾವುದು ಸರಿ?

ಹಳೇ ಪೇಪರ್
ಎರಡೂ. ಮೇ 12ಕ್ಕೆ 222 ಕ್ಷೇತ್ರದಲ್ಲಿ ಮತದಾನ ಆಯಿತು, ಅಲ್ಲಿ 78. ರಾಜರಾಜೇಶ್ವರಿ ನಗರ ಮತ್ತು ಜಯನಗರ ಮುಂದಕ್ಕೆ ಹೋಗಿದ್ದವು, ಎರಡನ್ನೂ ಕಾಂಗ್ರೆಸ್ ಗೆದ್ದಿತು. 2013ರಲ್ಲೂ 121, 122 ಅಂತ ಎರಡು ಲೆಕ್ಕ ಸಿಗುತ್ತೆ, ಅದು ಪಿರಿಯಾಪಟ್ಟಣದಿಂದ. ಅಭ್ಯರ್ಥಿ ತೀರಿಕೊಂಡಿದ್ದರಿಂದ ಅಲ್ಲಿ ಚುನಾವಣೆ ಮುಂದೂಡಿದ್ದರು.

ಮಂಡ್ಯದ ಮಗ
ಇದನ್ನೇ ಇಟ್ಟುಕೊಂಡು ವಾಟ್ಸಾಪ್ ಗ್ರೂಪ್‌ನಲ್ಲಿ ದೊಡ್ಡ ಜಗಳ ಆಗಿತ್ತು. ಥ್ಯಾಂಕ್ಸ್ ಅಣ್ಣ.

ರಾಯಚೂರು ರೈಲು
ಜಯನಗರ ಅಂದ್ರಲ್ಲ, 2023ರಲ್ಲಿ ಅಲ್ಲಿ 16 ಮತದ ಅಂತರ. ರಾತ್ರಿ ತನಕ ಎಣಿಸಿದರು. ನಮ್ಮ ಮಸ್ಕಿಯಲ್ಲಿ 2018ರಲ್ಲಿ 213.

ಮೈಸೂರು ಮಲ್ಲಿಗೆ
2006ರ ಚಾಮುಂಡೇಶ್ವರಿ ಮರೆತ್ರಾ? ಸಿದ್ದರಾಮಯ್ಯ 257 ಮತದಿಂದ ಗೆದ್ದರು. ರಾಜ್ಯದ ರಾಜಕೀಯವನ್ನೇ ಬದಲಾಯಿಸಿದ ಫಲಿತಾಂಶ ಅದು. ಆದರೆ ಅದು ಉಪಚುನಾವಣೆ. ಸಾರ್ವತ್ರಿಕ ಚುನಾವಣೆಯ ವರದಿಗಳನ್ನು ಮಾತ್ರ ಜೋಡಿಸಿದರೆ 2004 ಆದ ಮೇಲೆ ಸೀದಾ 2008. ನಡುವೆ ಏನೂ ಆಗಲೇ ಇಲ್ಲ ಅನ್ನೋ ಹಾಗೆ.

ಹಳೇ ಪೇಪರ್
ರಾಮಕೃಷ್ಣ ಹೆಗಡೆಯವರನ್ನೇ ನೋಡಿ. 1983ರ ಸಾರ್ವತ್ರಿಕ ಫಲಿತಾಂಶದಲ್ಲಿ ಗೆದ್ದವರ ಪಟ್ಟಿ ಪೂರ್ತಿ ಹುಡುಕಿದರೂ ಅವರ ಹೆಸರು ಸಿಗಲ್ಲ. ಮುಖ್ಯಮಂತ್ರಿ ಆದ ಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಸಭೆಗೆ ಬಂದರು. 1962ರಲ್ಲಿ ಇದರ ಇನ್ನೊಂದು ಮುಖ. ಕಾಂಗ್ರೆಸ್ 138 ಗೆದ್ದಿತು, ಆದರೆ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿ ಮುಖ್ಯಮಂತ್ರಿ ಆದರು, ಕೆಲವೇ ತಿಂಗಳಲ್ಲಿ ನಿಜಲಿಂಗಪ್ಪ ವಾಪಸ್ ಬಂದರು. ಉಪಚುನಾವಣೆ ಬಿಟ್ಟು ನಮ್ಮ ರಾಜ್ಯದ ಇತಿಹಾಸ ಹೇಳೋಕೆ ಆಗಲ್ಲ. 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದಿದ್ದರಿಂದಲೇ ಅವರ ಸರ್ಕಾರ ಗಟ್ಟಿಯಾಯಿತು.

ಕುಂದಗೋಳ ಕಡೆಯವ
ನಮ್ಮೂರಿಗೂ ಬಂದಿತ್ತು ಉಪಚುನಾವಣೆ, 2019ರ ಮೇ ತಿಂಗಳು. ನಮ್ಮ ಶಾಸಕ ಶಿವಳ್ಳಿಯವರು ತೀರಿಕೊಂಡ ಮೇಲೆ. ಅದನ್ನು ಬಿಟ್ಟು ಪಟ್ಟಿ ಮಾಡಿದರೆ ನಮ್ಮೂರಿನವರೇ ಒಪ್ಪಲ್ಲ. ಬೂತ್‌ವಾರು ಅಂಕಿಯನ್ನೂ ಹಾಕೋಣ ಅಂತ ಆಸೆ ಇದೆ. ಏನಂತೀರಿ?

ಕೋಡ್ ಕನ್ನಡ
ಖಂಡಿತ ಹಾಕಿ. ಫಾರ್ಮ್ 20ರಲ್ಲಿ ಪ್ರತಿ ಮತಗಟ್ಟೆಯ ಲೆಕ್ಕ ಇರುತ್ತೆ. ಕ್ಷೇತ್ರದ ಗಡಿ ಬದಲಾದರೂ ಊರು ಬದಲಾಗಲ್ಲ. ಬೂತ್‌ಗಳನ್ನು ಮತ್ತೆ ಜೋಡಿಸಿ 2004ರ ಫಲಿತಾಂಶವನ್ನು ಹೊಸ ಗಡಿಯಲ್ಲಿ ನೋಡಬಹುದು. ಸಾತನೂರಿನವರು ಎತ್ತಿದ ಸಮಸ್ಯೆಗೆ ಇದೇ ಉತ್ತರ. ತೊಂದರೆ ಏನಂದ್ರೆ ಬಹಳಷ್ಟು ಸ್ಕ್ಯಾನ್ ಮಾಡಿದ ಪಿಡಿಎಫ್, ಅಕ್ಷರ ಮಸುಕು, ಪುಟ ಅಡ್ಡಡ್ಡ. ಯಂತ್ರ 3 ಅನ್ನು 8 ಅಂತ ಓದುತ್ತೆ. ಪ್ರತಿ ಪುಟದ ಮೊತ್ತ ಕೂಡಿಸಿ ತಾಳೆ ನೋಡಲೇಬೇಕು.

ಮೈಸೂರು ಮಲ್ಲಿಗೆ
ನನಗೆ ಇದು ಇಷ್ಟ ಇಲ್ಲ. ಬೂತ್‌ವಾರು ಅಂದರೆ ಒಂದು ಹಳ್ಳಿ, ಕೆಲವು ಸಲ ಒಂದು ಕೇರಿ. ಅವರು ಯಾರಿಗೆ ಹಾಕಿದರು ಅಂತ ಗೆದ್ದವರಿಗೆ ಸ್ಪಷ್ಟವಾಗಿ ಕಾಣುತ್ತೆ. ಆಮೇಲೆ ಆ ಕೇರಿಗೆ ರಸ್ತೆ ಬರಲ್ಲ, ನೀರು ಬರಲ್ಲ. ಮತಪತ್ರ ಇದ್ದಾಗ ಬೇರೆ ಬೇರೆ ಬೂತಿನ ಚೀಟಿಗಳನ್ನು ಕಲಸಿ ಎಣಿಸುವ ಅವಕಾಶ ಇತ್ತು. ಮತಯಂತ್ರ ಬಂದ ಮೇಲೆ ಅದು ಹೋಯಿತು. ಚುನಾವಣಾ ಆಯೋಗವೇ 2008ರಲ್ಲಿ ಟೋಟಲೈಸರ್ ಬೇಕು ಅಂತ ಕೇಳಿತ್ತು, ಹಲವು ಯಂತ್ರಗಳ ಮತ ಒಟ್ಟಿಗೆ ಕೂಡಿಸೋಕೆ. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಅದನ್ನೇ ಹೇಳಿತು. ಗುಟ್ಟಾಗಿ ಹಾಕಿದ ಮತವನ್ನು ನೀವು ಊರ ಮುಂದೆ ಹರಡಬೇಡಿ.

ಕೋಡ್ ಕನ್ನಡ
ಮೇಡಂ, ಗೆದ್ದವರಿಗೆ ನಮ್ಮ ಫೈಲ್ ಬೇಕಿಲ್ಲ. ಎಣಿಕೆ ಟೇಬಲ್ ಮುಂದೆ ಕೂತ ಅವರ ಏಜೆಂಟರು ಅದೇ ದಿನ ಬರೆದುಕೊಂಡಿರುತ್ತಾರೆ. ಗೊತ್ತಿಲ್ಲದೆ ಇರುವುದು ಜನಕ್ಕೆ ಮಾತ್ರ. ಒಂದು ಊರಿಗೆ ಸೌಲಭ್ಯ ತಪ್ಪಿದರೆ ಅದು ಮತದ ಸೇಡು ಅಂತ ತೋರಿಸೋಕೂ ಈ ಅಂಕಿಯೇ ಬೇಕು.

ಮೈಸೂರು ಮಲ್ಲಿಗೆ
ದೊಡ್ಡವರ ಹತ್ತಿರ ಇದೆ ಅನ್ನೋದು ಪಕ್ಕದ ಕೇರಿಯವರ ಕೈಗೂ ಕೊಡೋಕೆ ಕಾರಣ ಆಗಲ್ಲ. ಶಾಸಕರಿಗಿಂತ ಊರಿನ ಗೌಡರ ಭಯ ಜಾಸ್ತಿ ಇರುವ ಕಡೆ ನೀವು ಇದ್ದು ನೋಡಿ.

ಶಾಲೆ ಮೇಷ್ಟ್ರು
ಇಬ್ಬರ ಮಾತಲ್ಲೂ ತೂಕ ಇದೆ. ನನಗನಿಸುವುದು, ಹಳೆಯ ಬೂತ್ ಲೆಕ್ಕವನ್ನು ಹಾಕಿ. ಈಗಿನ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅದರ ಬೂತ್ ಹಾಳೆ ಹಾಕಬೇಡಿ.

ಸಾತನೂರು ಸರ್ಕಲ್
ಐದು ವರ್ಷಕ್ಕೆ ಹಳ್ಳಿ ಮರೆಯುತ್ತಾ ಮೇಷ್ಟ್ರೇ?

ಮಡಿಕೇರಿ ಮಂಜು
ಈ ವಾದ ಬೇಗ ಮುಗಿಯಲ್ಲ. ನನ್ನದೊಂದು ಕೋರಿಕೆ. ಹೆಸರುಗಳನ್ನು ಕನ್ನಡದಲ್ಲೂ ಹಾಕಿ. ಆಯೋಗದ ಹಳೆಯ ವರದಿಗಳು ಇಂಗ್ಲಿಷ್‌ನಲ್ಲಿವೆ. ಒಬ್ಬರದೇ ಹೆಸರು ಒಂದು ವರ್ಷ ಇನಿಷಿಯಲ್ ಜತೆ, ಇನ್ನೊಂದು ವರ್ಷ ಅಪ್ಪನ ಹೆಸರು ಸೇರಿಸಿ, ಮತ್ತೊಂದು ವರ್ಷ ಗೌಡ ಬಿಟ್ಟು. ನಮ್ಮಜ್ಜನ ಕಾಲದವರ ಹೆಸರನ್ನು ಹುಡುಕುವವರು ಕನ್ನಡದಲ್ಲೇ ಟೈಪ್ ಮಾಡ್ತಾರೆ, ಏನೂ ಸಿಗಲ್ಲ.

ಹಳೇ ಪೇಪರ್
ಇಂಗ್ಲಿಷ್ ನೋಡಿ ಊಹೆ ಮಾಡಿ ಕನ್ನಡಕ್ಕೆ ತರಬೇಡಿ ಮಾತ್ರ. ಕಾಲಪ್ಪ ಕಲ್ಲಪ್ಪ ಆಗ್ತಾರೆ. ಆಯಾ ವರ್ಷದ ಕನ್ನಡ ಪತ್ರಿಕೆಗಳಲ್ಲಿ ಅಭ್ಯರ್ಥಿಗಳ ಪಟ್ಟಿ ಅಚ್ಚಾಗಿದೆ, ಜಿಲ್ಲಾ ಗ್ರಂಥಾಲಯಗಳಲ್ಲಿ ಕೆಲವು ಉಳಿದಿವೆ. ಅದನ್ನು ನೋಡಿ ಬರೆಯಿರಿ.

ಅಂಕಿ ಹುಡುಗಿ
ನೋಟಾ (ಯಾರಿಗೂ ಇಲ್ಲ ಅನ್ನುವ ಮತ) ಕಾಲಂ ಬಗ್ಗೆಯೂ ಒಂದು ಮಾತು. ಸುಪ್ರೀಂ ಕೋರ್ಟ್ ಆದೇಶ ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ, ನಮ್ಮ ಚುನಾವಣೆ ಅದೇ ವರ್ಷ ಮೇನಲ್ಲಿ ಮುಗಿದಿತ್ತು. ಹಾಗಾಗಿ ವಿಧಾನಸಭೆ ಸಾರ್ವತ್ರಿಕ ಚುನಾವಣೆಗೆ ನೋಟಾ 2018ರಿಂದ. ಅದಕ್ಕೂ ಹಿಂದೆ ಸೊನ್ನೆ ಬರೆಯಬೇಡಿ, ‘ಇರಲಿಲ್ಲ’ ಅಂತ ಬರೆಯಿರಿ. ಅಭ್ಯರ್ಥಿಯ ಠೇವಣಿ ಉಳಿಯಿತಾ ಹೋಯಿತಾ ಅಂತ ಲೆಕ್ಕ ಹಾಕುವಾಗ ಆರನೇ ಒಂದು ಭಾಗ ನೋಡೋದು ಅಭ್ಯರ್ಥಿಗಳಿಗೆ ಬಿದ್ದ ಸಿಂಧು ಮತದಲ್ಲಿ, ನೋಟಾ ಸೇರಿಸಿ ಅಲ್ಲ.

ಕುಂದಗೋಳ ಕಡೆಯವ
ಎಲ್ಲರೂ ಇಷ್ಟು ಹೇಳಿದ್ದು ದೊಡ್ಡ ಉಪಕಾರ. ಸದ್ಯಕ್ಕೆ ಹೀಗೆ ಮಾಡ್ತೀನಿ. 1952ಕ್ಕೆ ಮುಂಬೈ ವರದಿ, 1957 ಕೈಯಲ್ಲಿ ಟೈಪ್, ಆಮೇಲಿನದು ಲೋಕ್ ಢಾಬಾದಿಂದ ತಂದು ತಾಳೆ. ಉಪಚುನಾವಣೆಗೆ ಬೇರೆ ಹಾಳೆ. ಮರುವಿಂಗಡಣೆ ಕಾಲಂ, ಕನ್ನಡ ಹೆಸರು ಇರುತ್ತೆ. ಬೂತ್‌ವಾರು ಈಗ ಹಾಕಲ್ಲ, ಮಲ್ಲಿಗೆ ಮೇಡಂ ಮಾತು ನನಗೆ ತಟ್ಟಿತು.

ಕೋಡ್ ಕನ್ನಡ
ಬೂತ್ ವಿಷಯದಲ್ಲಿ ನನ್ನ ವಿರೋಧ ಇದ್ದೇ ಇದೆ. ಪಿಡಿಎಫ್‌ಗಳನ್ನಾದರೂ ಈಗಲೇ ಇಳಿಸಿ ಇಟ್ಟುಕೊಳ್ಳಿ. ಜಾಲತಾಣ ಹೊಸದು ಮಾಡಿದಾಗ ಹಳೆಯ ಕೊಂಡಿಗಳು ಕೆಲಸ ಮಾಡಲ್ಲ. ಹಾಕೋದು ಬಿಡೋದು ಆಮೇಲೆ ತೀರ್ಮಾನ ಆಗಲಿ.

ಮೈಸೂರು ಮಲ್ಲಿಗೆ
ಇಳಿಸಿಟ್ಟುಕೊಳ್ಳಲು ನನ್ನ ಅಭ್ಯಂತರ ಇಲ್ಲ.

ರಾಯಚೂರು ರೈಲು
ಹೈದರಾಬಾದ್ ರಾಜ್ಯದ 1952ರ ವರದಿಯಿಂದ ನಮ್ಮ ಮೂರು ಜಿಲ್ಲೆಗಳನ್ನು ನಾನು ತೆಗೆದು ಕೊಡ್ತೀನಿ. ಕಾಲಂ ಯಾವ ಕ್ರಮದಲ್ಲಿ ಇರಬೇಕು ಹೇಳಿ.

ಕುಂದಗೋಳ ಕಡೆಯವ
ವರ್ಷ, ಆಗಿನ ರಾಜ್ಯ, ಆಗಿನ ಜಿಲ್ಲೆ, ಕ್ಷೇತ್ರ, ಎಷ್ಟು ಸದಸ್ಯರು, ಅಭ್ಯರ್ಥಿ, ವರದಿಯಲ್ಲಿದ್ದ ಪಕ್ಷ, ಮತ. ಖಾಲಿ ಹಾಳೆ ಇವತ್ತು ರಾತ್ರಿ ಕಳಿಸ್ತೀನಿ.